ಮೆಡಿಕಲ್ ಜರ್ನಲಿನ ಲೇಖನಗಳನ್ನು ಲೆಕ್ಕ ಹಾಕುವುದು ಹೇಗೆ?

ಒಂದು ಜರ್ನಲಿನಲ್ಲಿ ಯಾರು, ಯಾವ ವಿಷಯದ ಮೇಲೆ, ಎಷ್ಟು ಬರೆದರು ಎಂದು ಲೆಕ್ಕ ಹಾಕಲು ಕಾಸರಗೋಡಿನ ನಮ್ಮ ಲೈಬ್ರರಿಗೆ ಬರುವ ಪಿಜಿ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಒಂದೇ ಜರ್ನಲ್, ಹತ್ತೇ ವರ್ಷ ಸಾಕು. 1913ರಿಂದ ಬರುತ್ತಿರುವ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಅನ್ನು ಪೂರ್ತಿ ಹಿಡಿದರೆ ಮುಗಿಯುವುದಿಲ್ಲ ಮಾರಾಯ್ರೆ.

ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿ) ಜರ್ನಲ್ ಹೆಸರು, ವರ್ಷ ಹಾಕಿ ಹುಡುಕಿ. ಸಿಕ್ಕಿದ್ದನ್ನು ಪಬ್‌ಮೆಡ್ ಫಾರ್ಮ್ಯಾಟಿನಲ್ಲೇ ಸೇವ್ ಮಾಡಿ. ಸಂಪಾದಕೀಯ, ಪತ್ರಗಳನ್ನು ಬೇರೆ ಇಡಿ.

ನಿಜವಾದ ಕೆಲಸ ಹೆಸರುಗಳದ್ದು. ನಮ್ಮ ಕಡೆ ಭಟ್ಟರು, ಶೆಟ್ಟರು ಎಷ್ಟು ಜನ! ‘ಭಟ್ ಕೆ’ ಅಂದರೆ ಯಾರು? ಆರ್ಕಿಡ್ (ORCID) ಐಡಿ, ಅಂದರೆ ಒಬ್ಬೊಬ್ಬ ಸಂಶೋಧಕರಿಗೂ ಇರುವ ಬೇರೆ ಬೇರೆ ಗುರುತಿನ ಸಂಖ್ಯೆ, ಇದ್ದರೆ ಸುಲಭ. ಇಲ್ಲದಿದ್ದರೆ ಸಂಸ್ಥೆ, ವಿಷಯ, ಜೊತೆಗೆ ಬರೆದವರನ್ನು ಹೋಲಿಸಿ. ಊರುಗಳೂ ಹಾಗೆಯೇ. 2014ರ ನವೆಂಬರಿನಲ್ಲಿ ಮಂಗಳೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಫೈಲಿನಲ್ಲಿ ಹಳೆಯದೂ ಹೊಸದೂ ಬರುತ್ತವೆ, ಸುಮ್ನೆ ಬಿಟ್ಟರೆ ಎರಡು ಊರಾಗುತ್ತದೆ. ಕಾಪಿಯಲ್ಲಿ ತಿದ್ದಿ, ಮೂಲ ಫೈಲ್ ಮುಟ್ಟಬೇಡಿ.

ಆಮೇಲೆ ವಿಒಎಸ್‌ವ್ಯೂವರ್ ಎಂಬ ಸಾಫ್ಟ್‌ವೇರ್. ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ್ದು, ಪುಕ್ಕಟೆ. ಯಾರು ಯಾರ ಜೊತೆ ಬರೆದರು, ಯಾವ ಮೆಶ್ ಪದಗಳು (ಲೇಖನದ ವಿಷಯ ಸೂಚಿಸಲು ಪಬ್‌ಮೆಡ್‌ನಲ್ಲಿ ಹಚ್ಚುವ ಪದಗಳು) ಒಟ್ಟಿಗೆ ಬಂದವು ಎಂದು ಚಿತ್ರ ಬಿಡಿಸುತ್ತದೆ. ಚಿತ್ರ ಚಂದವೇ, ಆದರೆ ನನಗೆ ವರ್ಷವಾರು ಪಟ್ಟಿಯ ಮೇಲೆ ನಂಬಿಕೆ ಜಾಸ್ತಿ.

ಸೈಟೇಶನ್ ಎಣಿಕೆ, ಅಂದರೆ ಒಂದು ಲೇಖನವನ್ನು ಬೇರೆ ಲೇಖನಗಳು ಎಷ್ಟು ಸಲ ಉಲ್ಲೇಖಿಸಿವೆ ಎಂಬುದು, ಈ ಫೈಲಿನಲ್ಲಿ ಇರುವುದಿಲ್ಲ. ಅದಕ್ಕೆ ಸ್ಕೋಪಸ್‌ನಂಥ, ಉಲ್ಲೇಖಗಳ ಲೆಕ್ಕ ಇಡುವ ಡೇಟಾಬೇಸ್ ಬೇಕು. ತೆಗೆದ ತಾರೀಕು ಬರೆದಿಡಿ. ಸಂಖ್ಯೆ ಬದಲಾಗುತ್ತಲೇ ಇರುತ್ತದೆ.