ಮೀನುಗಾರಿಕಾ ದೋಣಿಗೆ ಸ್ಟೀರಿಯೊ ಬೇಕೇ? ನಿರ್ಧರಿಸುವುದು ಹೀಗೆ

ಮೀನು ಹಿಡಿಯುವ ಕೆಲಸದಲ್ಲಿ ಕಾಯುವ ಹೊತ್ತೇ ಹೆಚ್ಚು. ಬಲೆ ಬಿಟ್ಟಾಗಿದೆ, ಗಾಳ ನೀರಿನಲ್ಲಿದೆ, ಕೈಗೆ ಕೆಲಸವಿಲ್ಲ. ಆಗ ಒಂದಿಷ್ಟು ಹಾಡು ಕೇಳಬೇಕೆನಿಸುವುದು ತೀರಾ ಸಹಜ. ಆದರೆ ಸ್ಟೀರಿಯೊ ಕೊಳ್ಳಲು ಹೊರಟವರು ಎಲ್ಲಕ್ಕಿಂತ ಮೊದಲು ಕೇಳುವ ‘ಎಷ್ಟು ವಾಟ್?’ ಎಂಬ ಪ್ರಶ್ನೆ ದೋಣಿಯ ಮಟ್ಟಿಗೆ ಕೊನೆಗೆ ಬರಬೇಕಾದದ್ದು. ನೀರಿನ ಮೇಲೆ ಕಿವಿಗೂ ಬ್ಯಾಟರಿಗೂ ಹಾಡಿಗಿಂತ ಮುಂಚೆ ಮಾಡಬೇಕಾದ ಕೆಲಸಗಳಿವೆ. ಅವುಗಳಿಗೆ ಅಡ್ಡಿಯಾಗದಂತೆ ಸಂಗೀತಕ್ಕೆ ಎಡೆ ಸಿಗುತ್ತದೆಯೇ ಎಂದು ಮೊದಲು ನೋಡಬೇಕು. ದೋಣಿಗೆ ಡ್ರಿಲ್ ತಾಗಿಸುವ ಮುನ್ನ ಮಾಡಬಹುದಾದ ಪರೀಕ್ಷೆಗಳು ಇಲ್ಲಿವೆ. ಬಹುತೇಕ ಯಾವುದಕ್ಕೂ ಖರ್ಚಿಲ್ಲ.

ಮೊದಲ ಹೆಜ್ಜೆ: ಕಿವಿಯ ಕೆಲಸವೇನೆಂದು ಪಟ್ಟಿ ಮಾಡಿ

ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಾವಳಿಯ ಐದನೆಯ ನಿಯಮ ಚಿಕ್ಕದು, ಆದರೆ ಬಿಗಿಯಾದದ್ದು. ಪ್ರತಿಯೊಂದು ಹಡಗು, ದೋಣಿಯೂ ಸದಾ ಕಣ್ಣಿನಿಂದಲೂ ಕಿವಿಯಿಂದಲೂ ಕಾವಲು ಇಟ್ಟಿರಬೇಕು ಎನ್ನುತ್ತದೆ ಅದು. ಕಿವಿಯನ್ನು ಅಲ್ಲಿ ಸುಮ್ಮನೆ ಸೇರಿಸಿಲ್ಲ. ಮಂಜು ಕವಿದಾಗ ಎಂಜಿನ್ ಓಡಿಸುತ್ತಾ ಸಾಗುವ ಹಡಗು ಹೆಚ್ಚೆಂದರೆ ಎರಡು ನಿಮಿಷಕ್ಕೊಮ್ಮೆ ಒಂದು ದೀರ್ಘ ಹಾರ್ನ್ ಹಾಕಬೇಕು. ದೀರ್ಘ ಎಂದರೆ ನಾಲ್ಕರಿಂದ ಆರು ಸೆಕೆಂಡು. ಮೀನುಗಾರಿಕೆಯಲ್ಲಿ ತೊಡಗಿರುವ ದೋಣಿಯದು ಒಂದು ದೀರ್ಘ, ಎರಡು ಗಿಡ್ಡ. ಬೆನ್ನುಬೆನ್ನಿಗೆ ಐದು ಗಿಡ್ಡ ಹಾರ್ನ್ ಕೇಳಿಸಿದರೆ ‘ನೀವು ಏನು ಮಾಡುತ್ತಿದ್ದೀರೆಂದು ತಿಳಿಯುತ್ತಿಲ್ಲ’ ಎಂದು ಯಾರೋ ನಿಮಗೆ ಹೇಳುತ್ತಿದ್ದಾರೆ ಎಂದರ್ಥ. ಎರಡು ನಿಮಿಷಕ್ಕೊಮ್ಮೆ ಬರುವ ಐದು ಸೆಕೆಂಡಿನ ಸದ್ದು ಹಾಡಿನ ಅಬ್ಬರದಲ್ಲಿ ಎಷ್ಟು ಸುಲಭವಾಗಿ ಮುಳುಗಿಹೋಗಬಹುದು ಎಂದು ಯೋಚಿಸಿ.

ಇದಲ್ಲದೆ ದೋಣಿಗಳು ಪರಸ್ಪರ ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಇದೆ. 156.8 ಮೆಗಾಹರ್ಟ್ಸ್‌ನ ಈ ಚಾನೆಲ್ ಮೇಲೆಯೇ ಅಪಾಯದ ಕರೆಗಳು ಬರುವುದು. ಎಂಜಿನ್ ಅತಿಯಾಗಿ ಬಿಸಿಯಾದಾಗ ಕೂಗುವ ಎಚ್ಚರಿಕೆಯ ಬೀಪ್ ಇದೆ. ಎಂಜಿನ್ನಿನ ಸದ್ದಿನಲ್ಲೇ ಆಗುವ ಸಣ್ಣ ಬದಲಾವಣೆ ಇದೆ. ಅನುಭವಿಗಳಿಗೆ ಅದು ಮೀಟರಿಗಿಂತ ಮುಂಚೆ ಸುದ್ದಿ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಜೊತೆಗಾರರ ದನಿ ಇದೆ. ಬಲೆ ಎಳೆಯುವ ಯಂತ್ರಕ್ಕೆ ಬಟ್ಟೆ ಸಿಕ್ಕಿಕೊಂಡಾಗ ‘ನಿಲ್ಲಿಸು’ ಎಂಬ ಕೂಗು, ಕಾಲು ಜಾರಿ ನೀರಿಗೆ ಬಿದ್ದವರ ಕೂಗು ಒಂದೇ ಸಲ ಕೇಳಿಸುವಂಥದ್ದು.

ಈಗ ಪರೀಕ್ಷೆ. ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಸ್ಪೀಕರನ್ನು ಯಾರಿಂದಲಾದರೂ ಕೇಳಿ ತನ್ನಿ. ಎಂದಿನ ವೇಗದಲ್ಲಿ ದೋಣಿ ಓಡುತ್ತಿರಲಿ. ಹಾಡಿನ ಸಾಹಿತ್ಯ ತಿಳಿಯುವಷ್ಟು ದನಿ ಏರಿಸಿ. ನೀವು ಚುಕ್ಕಾಣಿಯ ಬಳಿ ಮುಂದಕ್ಕೆ ಮುಖಮಾಡಿ ನಿಂತಿರುವಾಗ ಹಿಂಬದಿಯಲ್ಲಿ ಕುಳಿತವರು ಮುನ್ಸೂಚನೆ ಕೊಡದೆ ನಿಮ್ಮ ಹೆಸರು ಕೂಗಲಿ. ತಿರುಗಿ ನೋಡಿದಿರಾ? ಇಲ್ಲವಾದರೆ ಎಂಜಿನ್ ಓಡುವಾಗ ನಿಮ್ಮ ದೋಣಿಯಲ್ಲಿ ಹಾಡಿಗೆ ಜಾಗವಿಲ್ಲ. ಇನ್ನೂ ದೊಡ್ಡ ಸ್ಪೀಕರ್ ತಂದರೆ ಸಮಸ್ಯೆ ಬಿಗಡಾಯಿಸುತ್ತದೆ, ಪರಿಹಾರವಾಗುವುದಿಲ್ಲ.

ಕಿವಿಯ ಆರೋಗ್ಯವೂ ಇದೇ ಲೆಕ್ಕಕ್ಕೆ ಸೇರಿದ್ದು. ದಿನಕ್ಕೆ ಎಂಟು ಗಂಟೆ ಕೇಳಲು 85 ಡೆಸಿಬಲ್ ಮಿತಿ ಎಂದು ಇಟ್ಟುಕೊಂಡರೆ, ಮೂರು ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಎಂಜಿನ್ನೇ ಈ ಮಿತಿಯ ಆಸುಪಾಸಿನಲ್ಲಿದ್ದರೆ ಅದನ್ನು ಮೀರಿಸಿ ಹಾಡಬೇಕಾದ ಸ್ಪೀಕರ್ ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು ಸ್ಪಷ್ಟ. ಮೊಬೈಲಿನ ಡೆಸಿಬಲ್ ಆ್ಯಪ್ ಕರಾರುವಾಕ್ಕಾಗಿರದಿದ್ದರೂ ಅಂದಾಜಿಗೆ ಸಾಕು.

ಎರಡನೆಯದು: ಬ್ಯಾಟರಿಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ

ಈ ಲೆಕ್ಕವನ್ನು ಬಾಯಿಯಲ್ಲಿ ಹಾಕಬೇಡಿ. ಪೆನ್ನು ಹಿಡಿದೇ ಕೂರಿ.

ದೋಣಿಯಲ್ಲಿ 60 ಆಂಪಿಯರ್-ಅವರ್‌ನ ಒಂದು 12 ವೋಲ್ಟ್ ಸೀಸ-ಆಮ್ಲ ಬ್ಯಾಟರಿ ಇದೆ ಎಂದುಕೊಳ್ಳೋಣ (ಎಳೆಯುವ ಆಂಪಿಯರನ್ನು ಗಂಟೆಗಳಿಂದ ಗುಣಿಸಿದರೆ ಆಂಪಿಯರ್-ಅವರ್). ಇಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ ಬಳಕೆಗೆ ಸಿಗುವುದು 30. ಎಂಜಿನ್ ನಿಲ್ಲಿಸಿ ಆರು ಗಂಟೆ ಮೀನು ಹಿಡಿಯುತ್ತೀರಿ. ಮೀನು ಪತ್ತೆಯ ಯಂತ್ರ 1 ಆಂಪಿಯರ್‌ನಂತೆ ಆರು ಗಂಟೆಗೆ 6. ರೇಡಿಯೊ ಬರೀ ಕೇಳಿಸಿಕೊಳ್ಳುತ್ತಾ ಇದ್ದರೆ ಅರ್ಧ ಆಂಪಿಯರ್‌ನಂತೆ 3. ಇಲ್ಲಿಗೆ 9 ಆಯಿತು, 21 ಉಳಿಯಿತು. ಸ್ಟೀರಿಯೊ ಮಧ್ಯಮ ದನಿಯಲ್ಲಿ ಸರಾಸರಿ 4 ಆಂಪಿಯರ್ ಎಳೆದರೆ ಆರು ಗಂಟೆಗೆ 24. ಅಲ್ಲಿಗೆ ಲೆಕ್ಕ ಮಿತಿಯನ್ನು ಮೀರಿತು. ದೋಣಿಯ ತಳಕ್ಕೆ ಸೇರುವ ನೀರನ್ನು ಹೊರಹಾಕುವ ಪಂಪ್ ಇನ್ನೂ ಈ ಲೆಕ್ಕಕ್ಕೆ ಬಂದೇ ಇಲ್ಲ. ರಾತ್ರಿಯ ದೀಪಗಳೂ ಬಂದಿಲ್ಲ. ತುರ್ತು ಕರೆ ಮಾಡಬೇಕಾಗಿ ಬಂದರೆ ವಿಎಚ್‌ಎಫ್ ರೇಡಿಯೊ 25 ವಾಟ್‌ನಲ್ಲಿ ಪ್ರಸಾರ ಮಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ, ಅದೂ ಇಲ್ಲ. ಎಂಜಿನ್ ಮತ್ತೆ ಚಾಲೂ ಆಗಬೇಕಾದದ್ದೂ ಇದೇ ಬ್ಯಾಟರಿಯಿಂದ.

‘ಎಂಜಿನ್ ಓಡುವಾಗ ಚಾರ್ಜ್ ಆಗುತ್ತದಲ್ಲ’ ಎಂದು ಹೇಳುವವರಿದ್ದಾರೆ. ಆಗುತ್ತದೆ, ಆದರೆ ನಿಧಾನ ಗತಿಯಲ್ಲಿ ಎಂಜಿನ್ ಕೊಡುವ ಚಾರ್ಜ್ ಅದರ ಮೇಲೆ ನಮೂದಿಸಿದ ಪ್ರಮಾಣಕ್ಕಿಂತ ಸಾಕಷ್ಟು ಕಡಿಮೆ. ಗಾಳ ಎಳೆಯುತ್ತಾ ಮೆಲ್ಲಗೆ ಸಾಗುವವರು ಅದನ್ನು ನೆಚ್ಚಬಾರದು. ಕೈಯಿಂದ ಎಳೆದು ಚಾಲೂ ಮಾಡುವ ಕೆಲವು ಚಿಕ್ಕ ಎಂಜಿನ್ನುಗಳಲ್ಲಿ ಚಾರ್ಜ್ ವ್ಯವಸ್ಥೆಯೇ ಇರುವುದಿಲ್ಲ.

ನಿಜವಾದ ಅಂಕಿ ಬೇಕಿದ್ದರೆ ಒಂದು ವೋಲ್ಟ್‌ಮೀಟರ್ ಸಾಕು. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ತುಂಬಿದೆ, 12.1ರ ಸಮೀಪವಿದ್ದರೆ ಅರ್ಧಕ್ಕಿಳಿದಿದೆ. ಸ್ಟೀರಿಯೊ ಇಲ್ಲದೆಯೇ ಮನೆಗೆ ಮರಳುವಾಗ 12.2 ತೋರಿಸುವ ದೋಣಿಗೆ ಸ್ಟೀರಿಯೊ ಹಾಕುವ ಮಾತೇ ಬೇಡ. ಹಾಕಲೇಬೇಕೆಂದಿದ್ದರೆ ಅದಕ್ಕೆಂದೇ ಎರಡನೆಯ ಬ್ಯಾಟರಿ ಇಡಿ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದ ಅದನ್ನು ಬೇರ್ಪಡಿಸುವ ಸ್ವಿಚ್ಚೂ ಇರಲಿ. ನನ್ನ ಮಟ್ಟಿಗೆ ಈ ವಿಷಯದಲ್ಲಿ ರಾಜಿ ಇಲ್ಲ. ಎರಡನೆಯ ಬ್ಯಾಟರಿಯ ಖರ್ಚು ಮತ್ತು ತೂಕ ಒಗ್ಗದಿದ್ದರೆ ಸ್ಥಿರ ಸ್ಟೀರಿಯೊ ನಿಮ್ಮ ದೋಣಿಗೆ ಒಗ್ಗುವುದಿಲ್ಲ.

ಮೂರನೆಯದು: ಮೀನು ಹೆದರುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಗಾಳಿಯಲ್ಲಿ ಹರಡುವ ಶಬ್ದ ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯ ನೂರರಲ್ಲಿ 99 ಪಾಲಿಗೂ ಹೆಚ್ಚು ಮೇಲಕ್ಕೇ ಪ್ರತಿಫಲಿಸುತ್ತದೆ. ಹಾಗಾಗಿ ದೋಣಿಯಲ್ಲಿ ಮಾತನಾಡಿದರೆ ಮೀನು ಓಡುತ್ತದೆ ಎಂಬ ನಂಬಿಕೆಗೆ ಅಷ್ಟೇನೂ ಬಲವಿಲ್ಲ. ಆದರೆ ಸ್ಪೀಕರನ್ನು ದೋಣಿಯ ಗೋಡೆಗೇ ತಿರುಪು ಹಾಕಿ ಬಿಗಿದರೆ ಕಥೆ ಬೇರೆ. ಅದರ ಕಂಪನ ಗಾಳಿಯ ಹಂಗಿಲ್ಲದೆ ದೋಣಿಯ ಮೈಯಿಂದ ನೇರವಾಗಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುತ್ತದೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಬಹುಪಾಲು ಮೀನುಗಳಿಗೆ ಚೆನ್ನಾಗಿ ಕೇಳಿಸುವುದು ಕೆಲವು ನೂರು ಹರ್ಟ್ಸ್‌ವರೆಗಿನ ತಗ್ಗು ಸ್ವರಗಳು, ಅಂದರೆ ಹಾಡಿನ ಬೇಸ್ ಭಾಗ. ಗೆಂಡೆ ಮತ್ತು ಬೆಕ್ಕುಮೀನಿನ ಬಳಗದವುಗಳಲ್ಲಿ ಗಾಳಿಚೀಲದಿಂದ ಒಳಕಿವಿಗೆ ಕಂಪನ ದಾಟಿಸುವ ಸಣ್ಣ ಮೂಳೆಗಳ ಸಾಲೇ ಇರುವುದರಿಂದ ಅವುಗಳ ಶ್ರವಣ ಇನ್ನಷ್ಟು ಚುರುಕು.

ಆಳ ಸಮುದ್ರದಲ್ಲಿ ಎಂಜಿನ್ ಓಡಿಸುತ್ತಲೇ ಬಲೆ ಎಳೆಯುವವರಿಗೆ ಇದು ದೊಡ್ಡ ವಿಷಯವಲ್ಲ. ಆಳವಿಲ್ಲದ, ನಿಂತ ನೀರಿನಲ್ಲಿ ಅಲ್ಯೂಮಿನಿಯಂ ದೋಣಿಯಲ್ಲಿ ಕುಳಿತು ಗಾಳ ಹಾಕುವವರಿಗೆ ಖಂಡಿತ ದೊಡ್ಡ ವಿಷಯ. ಅಂಥವರು ಬೇಸ್‌ಗೆಂದೇ ಬರುವ ದೊಡ್ಡ ಸ್ಪೀಕರನ್ನು ಮರೆತುಬಿಡಿ. ಉಳಿದ ಸ್ಪೀಕರ್ ಯಾವುದೇ ಇರಲಿ, ಅದನ್ನು ದಪ್ಪ ರಬ್ಬರ್ ಇಲ್ಲವೇ ಫೋಮ್ ಮೇಲೆ ಕೂರಿಸಿ.

ಪಕ್ಕದ ದೋಣಿಯವರ ಬಗೆಗೂ ಒಂದು ಮಾತು. ಗಾಳಿಯಿಲ್ಲದ ಸಂಜೆ, ನೀರಿನ ಮೇಲಿನ ತಂಪು ಗಾಳಿಯ ಪದರ ಶಬ್ದವನ್ನು ಮತ್ತೆ ಕೆಳಕ್ಕೆ ಬಾಗಿಸುತ್ತದೆ. ನಿಮಗೆ ಹಿತವೆನಿಸುವ ದನಿ ಬಹು ದೂರದವರೆಗೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ. ನಿಶ್ಶಬ್ದವನ್ನು ಅರಸಿ ಬಂದವರಿಗೂ ಆ ನೀರಿನ ಮೇಲೆ ನಿಮ್ಮಷ್ಟೇ ಹಕ್ಕಿದೆ.

ನಾಲ್ಕನೆಯದು: ಜಾಗ ಹುಡುಕಿ, ದಿಕ್ಸೂಚಿಯನ್ನು ಕೇಳಿ

ಪ್ರತಿ ಸ್ಪೀಕರಿನ ಬೆನ್ನಿನಲ್ಲೂ ಬಲವಾದ ಅಯಸ್ಕಾಂತ ಇರುತ್ತದೆ. ಸ್ಪೀಕರನ್ನು ಕೈಯಲ್ಲಿ ಹಿಡಿದು, ಅದನ್ನು ಕೂರಿಸಬೇಕೆಂದಿರುವ ಜಾಗಕ್ಕೆ ನಿಧಾನವಾಗಿ ತನ್ನಿ. ಇನ್ನೊಬ್ಬರು ದಿಕ್ಸೂಚಿಯ ಮೇಲೆ ಕಣ್ಣಿಟ್ಟಿರಲಿ. ಮುಳ್ಳು ಒಂದೆರಡು ಡಿಗ್ರಿ ಅಲುಗಿದರೂ ಆ ಜಾಗ ಬೇಡ. ಸಾಮಾನ್ಯವಾಗಿ ಒಂದು ಮೀಟರ್ ಅಂತರ ಬೇಕಾಗುತ್ತದೆ. ಸ್ವಯಂಚಾಲಿತ ಚುಕ್ಕಾಣಿ ಇದ್ದರೆ ಅದರ ದಿಕ್ಸೂಚಿ ಎಲ್ಲೋ ಹಲಗೆಯ ಹಿಂದೆ ಅಡಗಿರುತ್ತದೆ, ಅದನ್ನೂ ಹುಡುಕಿ. ಚಿಕ್ಕ ದೋಣಿಗಳಲ್ಲಿ ಚುಕ್ಕಾಣಿಯ ಸುತ್ತ ಒಂದು ಮೀಟರ್ ಬಿಟ್ಟರೆ ಉಳಿಯುವ ಜಾಗವೇ ಅತ್ಯಲ್ಪ. ಎಷ್ಟೋ ದೋಣಿಗಳ ಮಟ್ಟಿಗೆ ಚರ್ಚೆ ಇಲ್ಲಿಗೇ ಮುಗಿಯುತ್ತದೆ.

ತೂತು ಕೊರೆಯಬೇಕಾದ ಹಲಗೆಯ ಹಿಂದೆ ಏನಿದೆ ಎಂದು ಕೈ ಹಾಕಿ ನೋಡಿ. ದೋಣಿ ಮುಳುಗದಂತೆ ತೇಲಿಸುವ ಫೋಮ್ ತುಂಬಿದ ಕೋಶವಿದ್ದರೆ, ಇಂಧನದ ಕೊಳವೆ ಹಾದುಹೋಗಿದ್ದರೆ, ಅಲ್ಲಿ ತೂತು ಬೇಡವೇ ಬೇಡ.

ಐದನೆಯದು: ರೇಡಿಯೊದ ಮೇಲೆ ಪರಿಣಾಮ

ಹಲವು ಹೊಸ ಆಂಪ್ಲಿಫೈಯರ್‌ಗಳು ವಿದ್ಯುತ್ತನ್ನು ಅತಿ ವೇಗವಾಗಿ ಆನ್-ಆಫ್ ಮಾಡುತ್ತಾ ಕೆಲಸ ಮಾಡುತ್ತವೆ. ವಿದ್ಯುತ್ ಉಳಿತಾಯಕ್ಕೆ ಇದು ಒಳ್ಳೆಯದು, ಆದರೆ ಕೆಲವು ರೇಡಿಯೊ ತರಂಗಗಳ ಮೇಲೆ ಗದ್ದಲ ಎಬ್ಬಿಸುತ್ತವೆ. ವಿಎಚ್‌ಎಫ್ ರೇಡಿಯೊದ ಸ್ಕ್ವೆಲ್ಚ್ ಗುಂಡಿಯನ್ನು ಗೊರಗೊರ ಸದ್ದು ಆಗಷ್ಟೇ ನಿಲ್ಲುವ ಮಟ್ಟಕ್ಕೆ ತಂದಿಡಿ. ಈಗ ಸ್ಟೀರಿಯೊ ಆನ್ ಮಾಡಿ. ಗೊರಗೊರ ಮತ್ತೆ ಶುರುವಾದರೆ ಸ್ಟೀರಿಯೊದ ಗದ್ದಲ ರೇಡಿಯೊಗೆ ತಗುಲುತ್ತಿದೆ. ದೂರದಿಂದ ಬರುವ ಕ್ಷೀಣ ಕರೆ ನಿಮಗೆ ಕೇಳಿಸದೆ ಹೋಗಬಹುದು. ಮೀನು ಪತ್ತೆಯ ಪರದೆಯ ಮೇಲೂ ಹೊಸ ಗೆರೆಗಳು ಮೂಡುತ್ತವೆಯೇ ನೋಡಿ. ವಯರುಗಳನ್ನು ದೂರ ಸರಿಸುವುದರಿಂದ, ವಯರಿನ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕುವುದರಿಂದ ಎಷ್ಟೋ ಸಲ ಸರಿಹೋಗುತ್ತದೆ. ಸರಿಹೋಗದಿದ್ದರೆ ಸ್ಟೀರಿಯೊವನ್ನು ಹಿಂದಿರುಗಿಸಿ.

ಈಗ ನಿರ್ಧಾರ

ಬಯಲು ದೋಣಿ, ಒಂದೇ ಬ್ಯಾಟರಿ, ಬೆಳಿಗ್ಗೆ ಹೋಗಿ ಸಂಜೆ ಮರಳುವ ಕೆಲಸ: ಇವು ನಿಮ್ಮದಾದರೆ ಸ್ಥಿರ ಸ್ಟೀರಿಯೊ ಬೇಡ. ತನ್ನದೇ ಬ್ಯಾಟರಿಯುಳ್ಳ, ನೀರು ತಡೆಯುವ ಬ್ಲೂಟೂತ್ ಸ್ಪೀಕರ್ ಸಾಕು. ಅದು ದೋಣಿಯ ವಿದ್ಯುತ್ ಮುಟ್ಟುವುದಿಲ್ಲ, ತೂತು ಕೇಳುವುದಿಲ್ಲ. ಕೆಲಸ ಮುಗಿದ ಮೇಲೆ ಮನೆಗೆ ಬರುವುದರಿಂದ ಕಳ್ಳರ ಭಯವೂ ಇಲ್ಲ. ಅದನ್ನೂ ದಿಕ್ಸೂಚಿಯ ಪಕ್ಕ ಇಡಬಾರದು ಎಂಬುದೊಂದನ್ನು ನೆನಪಿಡಿ. ನೀರಿಗೆ ಬಿದ್ದರೆ ತೇಲುವಂಥದ್ದನ್ನೇ ಆರಿಸಿ.

ಕ್ಯಾಬಿನ್ ಇರುವ, ಹಲವು ದಿನ ನೀರಿನ ಮೇಲೆಯೇ ಉಳಿಯುವ, ಎರಡು ಬ್ಯಾಟರಿಗಳ ದೋಣಿಯದು ಬೇರೆ ಪರಿಸ್ಥಿತಿ. ಅಲ್ಲಿ ದುಡಿಯುವವರಿಗೆ ಬಿಡುವಿನಲ್ಲಿ ಹಾಡು, ಸುದ್ದಿ, ಹವಾಮಾನ ವರದಿ ಬೇಕೇ ಬೇಕು. ದೀರ್ಘ ಪಾಳಿಗಳ ನಡುವೆ ಮನಸ್ಸು ಹಗುರವಾಗಿರುವುದೂ ಸುರಕ್ಷತೆಯ ಭಾಗವೇ. ಅಂಥ ದೋಣಿಗೆ ಹಾಕಿಸಿ, ಆದರೆ ಸ್ಪೀಕರುಗಳು ಕ್ಯಾಬಿನ್ ಒಳಗಿರಲಿ. ಬಲೆ ಎಳೆಯುವ ಜಾಗದಲ್ಲಿ ಬೇಡ.

ಹಾಕಿಸುವುದೇ ಆದರೆ

ಕಾರಿನ ಸ್ಟೀರಿಯೊ ಅಗ್ಗವಾಗಿ ಸಿಗುತ್ತದೆ ಎಂದು ತರಬೇಡಿ. ಕಾಗದದ ಶಂಕುವಿನ ಸ್ಪೀಕರ್ ತೇವಕ್ಕೆ ಮೆತ್ತಗಾಗುತ್ತದೆ, ಉಕ್ಕಿನ ಚೌಕಟ್ಟು ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ ‘ಐಪಿ65’ ಎಂದಿದ್ದರೆ ಯಾವ ದಿಕ್ಕಿನಿಂದ ನೀರು ಚಿಮ್ಮಿದರೂ ತಡೆಯುತ್ತದೆ. ‘ಐಪಿ67’ ಎಂದಿದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಎಷ್ಟೋ ಸಲ ಈ ಭರವಸೆ ಯಂತ್ರದ ಮುಖಕ್ಕೆ ಮಾತ್ರ, ಬೆನ್ನಿಗಲ್ಲ. ಇದನ್ನು ಕೇಳಿ ತಿಳಿದುಕೊಳ್ಳಿ. ವಾಟ್ ಅಂಕಿಯಲ್ಲಿ ‘ಗರಿಷ್ಠ’ ಎಂದಿರುವುದನ್ನು ಬಿಟ್ಟು ‘ಆರ್‌ಎಂಎಸ್’ (ಬಿಡದೆ ಕೊಡಬಲ್ಲ ಶಕ್ತಿ) ಎಂದಿರುವುದನ್ನು ನೋಡಿ. ವಾಟ್ ಇಮ್ಮಡಿಯಾದರೂ ದನಿ ಏರುವುದು ಮೂರು ಡೆಸಿಬಲ್ ಮಾತ್ರ ಎಂಬುದು ತಿಳಿದಿದ್ದರೆ ದೊಡ್ಡ ಅಂಕಿಗೆ ಮರುಳಾಗುವುದಿಲ್ಲ.

ವಯರ್ ತವರ ಲೇಪಿಸಿದ ತಾಮ್ರದ್ದಾಗಿರಲಿ. ಬರಿ ತಾಮ್ರ ಉಪ್ಪುಗಾಳಿಗೆ ಒಳಗೊಳಗೇ ಕಪ್ಪಾಗುತ್ತಾ ಹೋಗುತ್ತದೆ. ಫ್ಯೂಸ್ ಸ್ಟೀರಿಯೊದ ಬಳಿ ಇದ್ದರಷ್ಟೇ ಸಾಲದು. ಬ್ಯಾಟರಿಯಿಂದ ಸುಮಾರು 18 ಸೆಂಟಿಮೀಟರ್ ಒಳಗೂ ಒಂದಿರಬೇಕು. ನಡುವೆ ಎಲ್ಲಾದರೂ ವಯರ್ ಉಜ್ಜಿ ಬೆಂಕಿ ಹೊತ್ತದಂತೆ ಕಾಯುವುದು ಅದೇ. ತಳದ ನೀರಿನ ಪಂಪಿನ ವಯರಿಗೆ ಸ್ಟೀರಿಯೊವನ್ನು ಜೋಡಿಸಲು ಯಾರಿಗೂ ಬಿಡಬೇಡಿ. ಸ್ಟೀರಿಯೊ ತನ್ನ ನೆನಪು ಉಳಿಸಿಕೊಳ್ಳಲೆಂದು ಸದಾ ಬ್ಯಾಟರಿಗೆ ಅಂಟಿಕೊಂಡಿರುವ ಒಂದು ವಯರ್ ಇರುತ್ತದೆ, ಸಾಮಾನ್ಯವಾಗಿ ಹಳದಿ. ಅದು 10 ಮಿಲಿ ಆಂಪಿಯರ್ ಎಳೆದರೂ ತಿಂಗಳಿಗೆ 7 ಆಂಪಿಯರ್-ಅವರ್ ಮೀರಿ ಖಾಲಿ ಮಾಡುತ್ತದೆ. ದೋಣಿ ವಾರಗಟ್ಟಲೆ ಕಟ್ಟಿಹಾಕಿರುವುದಾದರೆ ಆ ವಯರಿಗೂ ಸ್ವಿಚ್ ಹಾಕಿಸಿ.

ಜೋಡಣೆ ಮುಗಿದ ಮೇಲೆ ಕಟ್ಟಿಹಾಕಿದ ದೋಣಿಯಲ್ಲೇ ಮತ್ತೊಮ್ಮೆ ಎಲ್ಲವನ್ನೂ ಪರೀಕ್ಷಿಸಿ: ದಿಕ್ಸೂಚಿ, ಸ್ಕ್ವೆಲ್ಚ್, ಹಿಂಬದಿಯ ಕೂಗು. 16ನೇ ಚಾನೆಲನ್ನು ಬಿಟ್ಟು ಬೇರೆ ಚಾನೆಲ್‌ನಲ್ಲಿ ಸ್ನೇಹಿತರಿಂದ ಒಂದು ಕರೆ ಮಾಡಿಸಿ. ಹಾಡು ನಡೆಯುತ್ತಿರುವಾಗ ಆ ಕರೆಯ ಮಾತು ತಿಳಿಯಬೇಕು. ಅಷ್ಟು ತಿಳಿಯುವ ಮಟ್ಟ ಯಾವುದೋ ಅದೇ ನಿಮ್ಮ ಗರಿಷ್ಠ ದನಿ. ಗುಂಡಿಯ ಆ ಜಾಗಕ್ಕೆ ಬಣ್ಣದ ಗುರುತು ಹಾಕಿ, ದೋಣಿಯಲ್ಲಿರುವ ಎಲ್ಲರಿಗೂ ತೋರಿಸಿ. ಮಂಜು ಕವಿದಾಗ, ಬಂದರಿನ ಬಾಯಿ ದಾಟುವಾಗ, ಬಲೆ ಎಳೆಯುವಾಗ ಸ್ಟೀರಿಯೊ ಬಂದ್. ಅದನ್ನು ಬಂದ್ ಮಾಡಲು ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ.