ಕೋಡ್ ಬಂತು ಅಂತ ಸೆನ್ಸರ್ ತರೋಕೆ ಓಡ್ಬೇಡಿ

ಸೈಟಿಂದ ಬರೋ ಫೋನ್ ಯಾವಾಗ್ಲೂ ಒಂದೇ ಥರ: "ಅಣ್ಣಾ, ಮಾನಿಟರಲ್ಲಿ 110-3 ಅಂತ ಬರ್ತಿದೆ, ಗಾಡಿ ಪಿಕಪ್ ಎತ್ತಲ್ಲ, ಸೆನ್ಸರ್ ಹೋಗಿರ್ಬೇಕು, ಬರೋವಾಗ ಹೊಸದು ತಗೊಂಬನ್ನಿ." ಹೊಸದು ತಗೊಂಡೋಗಿ ಹಾಕಿ, ಕೋಡ್ ಹಂಗೇ ಕೂತಿರೋದು ನೋಡಿ, ಓನರ್ ಮುಖ ನೋಡೋಕಾಗ್ದೆ ನಿಂತೋರಲ್ಲಿ ನಾನೂ ಒಬ್ಬ. ಟಿಪ್ಪರ್ ಇರ್ಲಿ, ಲೋಡರ್ ಇರ್ಲಿ, ಯಾವ ಕಂಪನಿದಾದ್ರೂ ಊರವ್ರೆಲ್ಲ ಹಿಟಾಚಿ ಅಂತ ಕರೆಯೋ ಎಕ್ಸ್‌ಕವೇಟರ್ ಇರ್ಲಿ, ಇಸಿಎಂಗೆ, ಅಂದ್ರೆ ಎಂಜಿನ್ನಿನ ಕಂಪ್ಯೂಟರಿಗೆ, ಗೊತ್ತಾಗೋದು ವೋಲ್ಟೇಜ್ ಒಂದೇ. ಆ ವೋಲ್ಟೇಜ್ ಕೆಟ್ಟಿದ್ದು ಸೆನ್ಸರಲ್ಲೋ, ವೈರ್ ಸಿಗಿಸೋ ಕಪ್ಲರಲ್ಲೋ, ಮಧ್ಯದ ವೈರಲ್ಲೋ ಅನ್ನೋದನ್ನ ನಾವೇ ಹುಡುಕ್ಬೇಕು. ಬೇಕಾಗಿರೋದು ಒಂದು ಡಿಜಿಟಲ್ ಮೀಟರ್, ಒಂದು ತುಂಡು ವೈರು, ಸ್ವಲ್ಪ ತಾಳ್ಮೆ.

ಮೊದ್ಲು ಕೋಡ್ ಪೂರ್ತಿ ಓದಿ

ಜೆ1939 ಅಂದ್ರೆ ದೊಡ್ಡ ಗಾಡಿಗಳ ಕಂಪ್ಯೂಟರ್‌ಗಳು ಮಾತಾಡೋ ಒಂದು ಸಾಮಾನ್ಯ ಪದ್ಧತಿ, ಅದಿರೋ ಎಂಜಿನ್‌ಗಳಲ್ಲಿ ಕೋಡಿಗೆ ಎರಡು ಭಾಗ. ಮೊದಲನೇದು ಎಸ್‌ಪಿಎನ್, ಯಾವ ಸರ್ಕ್ಯೂಟ್ ಅಂತ ಹೇಳತ್ತೆ: 100 ಅಂದ್ರೆ ಆಯಿಲ್ ಪ್ರೆಶರ್, 102 ಬೂಸ್ಟ್ (ಟರ್ಬೋ ತಳ್ಳೋ ಗಾಳಿಯ ಪ್ರೆಶರ್), 110 ಕೂಲೆಂಟ್ ಟೆಂಪರೇಚರ್, 157 ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗೋ ಡೀಸೆಲಿಂದು). ಎರಡನೇದು ಎಫ್‌ಎಂಐ, ಏನಾಗಿದೆ ಅಂತ. 3 ಅಂದ್ರೆ ವೋಲ್ಟೇಜ್ ಜಾಸ್ತಿ, 4 ಅಂದ್ರೆ ಕಮ್ಮಿ, 2 ಅಂದ್ರೆ ರೀಡಿಂಗ್ ಹೆಂಗೆಂಗೋ ಕುಣೀತಿದೆ ಅಂತ. ಆಪರೇಟರ್‌ಗಳು ಮೊದಲನೇ ನಂಬರ್ ಮಾತ್ರ ಹೇಳ್ತಾರೆ, ಎರಡನೇದನ್ನ ಕೇಳಿ ತಿಳ್ಕೊಳ್ಳಿ, ಅರ್ಧ ಕೆಲಸ ಅಲ್ಲೇ ಇದೆ.

ಒಂದು ವಿಷಯದಲ್ಲಿ ತಮಾಷೆ ಬೇಡ. 110-0 ಬಂದ್ರೆ ಎಂಜಿನ್ ನಿಜವಾಗ್ಲೂ ಬಿಸಿಯಾಗಿದೆ ಅಂತ, 100-1 ಬಂದ್ರೆ ಆಯಿಲ್ ಪ್ರೆಶರ್ ಬಿದ್ದಿದೆ ಅಂತ. "ಸೆನ್ಸರ್ ಪ್ರಾಬ್ಲಮ್ ಬಿಡಣ್ಣ" ಅಂತ ಓಡಿಸ್ತಾ ಇದ್ರೆ ಬೇರಿಂಗ್ ಹೋಗತ್ತೆ. ಎಂಜಿನ್ ಆಫ್ ಮಾಡಿ, ಆಯಿಲ್, ನೀರು, ಬೆಲ್ಟ್ ನೋಡಿ, ಪ್ರೆಶರನ್ನ ಮೆಕ್ಯಾನಿಕಲ್ ಗೇಜ್ ಹಾಕಿ ಖಾತ್ರಿ ಮಾಡ್ಕೊಳ್ಳಿ, ವೈರಿಂಗ್ ಆಮೇಲೆ.

ಮೀಟರಿಗಿಂತ ಮುಂಚೆ ಕಣ್ಣು

ಕೀ ಆಫ್ ಮಾಡಿ ಟಾರ್ಚ್ ಹಿಡ್ಕೊಂಡು ಹಾರ್ನೆಸ್, ಅಂದ್ರೆ ವೈರಿನ ಕಟ್ಟು, ಅದರ ಉದ್ದಕ್ಕೂ ಹೋಗಿ. ಟರ್ಬೋ ಪಕ್ಕ ವೈರು ಸುಟ್ಟಿರತ್ತೆ, ಕ್ಲಾಂಪ್ ಒಳಗೆ ರಬ್ಬರ್ ಹೋಗಿ ತಗಡು ವೈರನ್ನ ಕೊಯ್ದಿರತ್ತೆ, ವಾರಗಟ್ಲೆ ನಿಂತ ಗಾಡಿ ಆದ್ರೆ ಇಲಿ ಕಡಿದಿರತ್ತೆ. ನಿನ್ನೆ ವಾಟರ್ ಸರ್ವಿಸ್ ಆಗಿದ್ಯಾ ಅಂತ ಕೇಳಿ. ಕಪ್ಲರ್ ಬಿಚ್ಚಿ ಪಿನ್ ನೋಡಿ, ಹಸಿರು ಪಾಚಿ ಥರ ಕಟ್ಟಿದ್ಯಾ, ಯಾವ್ದಾದ್ರೂ ಪಿನ್ ಹಿಂದಕ್ಕೆ ಸರ್ಕೊಂಡಿದ್ಯಾ. ಒಂದೊಂದೇ ವೈರನ್ನ ಹಿಂದಿಂದ ಮೆಲ್ಲಗೆ ಎಳೀರಿ, ಒಳಗೆ ತುಂಡಾಗಿದ್ರೆ ಕೈಗೇ ಬರತ್ತೆ.

ಎರಡು ವೈರಿನ ಸೆನ್ಸರ್

ಟೆಂಪರೇಚರ್ ಸೆನ್ಸರ್‌ಗಳು ಹೆಚ್ಚಾಗಿ ಇವೇ. ಇಸಿಎಂ ಒಳಗಿಂದ ರೆಸಿಸ್ಟರ್ ಮೂಲಕ 5 ವೋಲ್ಟ್ ಬರತ್ತೆ, ಸೆನ್ಸರ್ ಬಿಸಿಯಾದಂಗೆ ಅದರ ಓಮ್ಸ್ (ಕರೆಂಟಿಗೆ ಒಡ್ಡೋ ತಡೆ) ಇಳಿಯತ್ತೆ, ವೋಲ್ಟೇಜೂ ಇಳಿಯತ್ತೆ. ವೈರ್ ಕಟ್ಟಾದ್ರೆ ಪೂರ್ತಿ 5 ವೋಲ್ಟ್ ನಿಲ್ಲತ್ತೆ, ಕೋಡ್ 3. ಅರ್ಥಿಗೆ, ಅಂದ್ರೆ ಗಾಡಿಯ ಲೋಹದ ಬಾಡಿಗೆ, ತಾಗಿದ್ರೆ ಸೊನ್ನೆ, ಕೋಡ್ 4. ಇಷ್ಟು ತಲೇಲಿ ಇಟ್ಕೊಂಡ್ರೆ ಮೀಟರೇ ಬೇಡ.

110-3 ಇದ್ರೆ ಸೆನ್ಸರ್ ಕಪ್ಲರ್ ಬಿಚ್ಚಿ, ಹಾರ್ನೆಸ್ ಕಡೆಯ ಎರಡು ಪಿನ್ನಿಗೂ ತುಂಡು ವೈರ್ ಕೊಟ್ಟು ಶಾರ್ಟ್ ಮಾಡಿ, ಕೀ ಆನ್ ಮಾಡಿ. ಕೋಡ್ 110-4ಕ್ಕೆ ತಿರುಗಿದ್ರೆ ವೈರು, ಇಸಿಎಂ ಎರಡೂ ಸರಿ ಇವೆ, ತಪ್ಪು ಸೆನ್ಸರಿಂದು ಇಲ್ಲಾ ಕಪ್ಲರ್ ಹಿಡಿತದ್ದು. 3ರಲ್ಲೇ ನಿಂತ್ರೆ ಹೆಚ್ಚಾಗಿ ವೈರ್ ಎಲ್ಲೋ ಕಟ್ಟಾಗಿರತ್ತೆ. 110-4 ಇದ್ರೆ ಕಪ್ಲರ್ ಬಿಚ್ಚಿದ್ರೆ ಸಾಕು, 3ಕ್ಕೆ ಹೋದ್ರೆ ಸೆನ್ಸರ್ ಶಾರ್ಟ್, 4ರಲ್ಲೇ ಇದ್ರೆ ಹೆಚ್ಚಾಗಿ ವೈರ್ ಎಲ್ಲೋ ಬಾಡಿಗೆ ತಾಗಿರತ್ತೆ. ಅನುಮಾನ ಉಳಿದ್ರೆ ಎಂಜಿನ್ ತಣ್ಣಗಾದ್ಮೇಲೆ ಸೆನ್ಸರ್ ಬಿಚ್ಚಿ, ಮೀಟರ್ ಕೊಟ್ಟು, ಅದರ ತುದೀನ ಬಿಸಿನೀರಿನ ಲೋಟದಲ್ಲಿ ಇಳಿಸಿ. ಸಾವಿರಗಳಲ್ಲಿದ್ದ ಓಮ್ಸ್ ನೂರುಗಳಿಗೆ ಇಳೀಬೇಕು, ನಿಧಾನಕ್ಕೆ, ಜಂಪ್ ಹೊಡೀದೆ.

ಮೂರು ವೈರಿನದು

ಪ್ರೆಶರ್ ಸೆನ್ಸರ್‌ಗಳಲ್ಲಿ 5 ವೋಲ್ಟ್ ಸಪ್ಲೈ, ಸಿಗ್ನಲ್, ಅರ್ಥ್ ಅಂತ ಮೂರು. ಇಲ್ಲಿ ಮೇಲಿನ ಥರ ಶಾರ್ಟ್ ಮಾಡೋಕೆ ಹೋಗ್ಬೇಡಿ, ಸಪ್ಲೈಯನ್ನ ಅರ್ಥಿಗೆ ಕೊಟ್ಟಂಗಾಗತ್ತೆ. ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಸಪ್ಲೈ ಪಿನ್ನಿಗೂ ಅದೇ ಕಪ್ಲರಿನ ಅರ್ಥ್ ಪಿನ್ನಿಗೂ ಮೀಟರ್ ಕೊಡಿ. ಸುಮಾರು 5 ಇರ್ಬೇಕು. ಬಾಡಿಗೆ ಕೊಟ್ರೆ 5 ಬರತ್ತೆ, ಕಪ್ಲರ್ ಅರ್ಥಿಗೆ ಕೊಟ್ರೆ ಬರಲ್ಲ ಅಂದ್ರೆ ಅರ್ಥ್ ವೈರ್ ಹೋಗಿದೆ. 24 ಕಾಣಿಸಿದ್ರೆ ಬ್ಯಾಟರಿ ವೈರ್ ಎಲ್ಲೋ ತಾಗಿದೆ, ಹೊಸ ಸೆನ್ಸರ್ ಹಾಕಿದ ಕ್ಷಣಾನೇ ಅದೂ ಹೋಗತ್ತೆ.

ಈ 5 ವೋಲ್ಟನ್ನ ಎಷ್ಟೋ ಎಂಜಿನ್‌ಗಳಲ್ಲಿ ಮೂರ್ನಾಲ್ಕು ಸೆನ್ಸರ್‌ಗಳು ಹಂಚ್ಕೊಂಡಿರ್ತವೆ, ನಾನು ಏಟು ತಿಂದಿದ್ದು ಅಲ್ಲೇ. ಕಲಿಯೋ ಟೈಮಲ್ಲಿ ಒಂದು ಕ್ರಷರಿಗೆ ಹೋಗಿದ್ದೆ, 100-4, 102-4, ಜೊತೆಗೆ 3509-4 ಅಂತ ಇನ್ನೊಂದು. ನಾನು ಆಯಿಲ್ ಪ್ರೆಶರ್ ಸೆನ್ಸರ್ ಬದ್ಲಾಯ್ಸಿದೆ, ಆಮೇಲೆ ಬೂಸ್ಟಿಂದು, ಮಧ್ಯಾಹ್ನ ಆಯ್ತು, ಮೂರೂ ಕೋಡ್ ಹಂಗೇ. ಸಂಜೆ ನಮ್ ಮೇಸ್ತ್ರಿ ಬಂದು, "3509 ಏನು ಅಂತ ನೋಡ್ದೇನೋ?" ಅಂದ್ರು. ನೋಡಿರ್ಲಿಲ್ಲ. ಅದು ಸೆನ್ಸರ್ ಸಪ್ಲೈ ವೋಲ್ಟೇಜಿನ ನಂಬರ್. ಅವ್ರು ಸಪ್ಲೈ ಪಿನ್ನಿಗೆ ಮೀಟರ್ ಸಿಗಿಸಿ ನನ್ ಕೈಗೆ ಕೊಟ್ಟು ಒಂದೊಂದೇ ಸೆನ್ಸರ್ ಕಪ್ಲರ್ ಬಿಚ್ತಾ ಹೋದ್ರು. ಯಾವ್ದಾದ್ರೂ ಒಂದು ಬಿಚ್ಚಿದಾಗ 5 ವಾಪಸ್ ಬಂದಿದ್ರೆ ಆ ಸೆನ್ಸರ್ರೇ ಕಳ್ಳ. ಎಲ್ಲಾ ಬಿಚ್ಚಿದ್ರೂ ಮೀಟರ್ 0.3ರಲ್ಲೇ ಇತ್ತು. ಆಗ ಅವ್ರು ಹಾರ್ನೆಸ್ ಹಿಡಿದು ಅಲ್ಲಾಡಿಸೋಕೆ ಶುರು ಮಾಡಿದ್ರು, ಬ್ಲಾಕ್ ಹಿಂದೆ ಕೈ ಹೋಗ್ತಿದ್ದಂಗೆ ಮೀಟರ್ ಟಕ್ ಅಂತ 5ಕ್ಕೆ ಹಾರ್ತು. ಕ್ಲಾಂಪ್ ಬಿಚ್ಚಿದ್ರೆ ಒಳಗೆ ಅಕ್ಕಿಕಾಳಷ್ಟು ಜಾಗದಲ್ಲಿ ತಾಮ್ರ ಹೊಳೀತಿತ್ತು.

ವೈರ್ ಚೆಕ್, ರಿಪೇರಿ

ಓಮ್ಸ್ ನೋಡೋವಾಗ ಬ್ಯಾಟರಿ ಡಿಸ್ಕನೆಕ್ಟ್ ಮಾಡಿ, ಇಸಿಎಂ ಕಪ್ಲರೂ ಬಿಚ್ಚಿ. ಒಂದೇ ವೈರಿನ ಎರಡು ತುದಿ ಮಧ್ಯ ಒಂದೆರಡು ಓಮ್ಸ್ ಒಳಗಿರ್ಬೇಕು, ಅದೇ ವೈರಿಂದ ಬಾಡಿಗೆ ಏನೂ ತೋರಿಸ್ಬಾರ್ದು. ಬೀಪ್ ಬಂತು ಅಂತ ಬಿಡ್ಬೇಡಿ, ಒಂದೇ ಎಳೆ ಹಿಡ್ಕೊಂಡಿದ್ರೂ ಬೀಪ್ ಬರತ್ತೆ, ಬಂಡೆ ಒಡೆಯೋ ಬ್ರೇಕರ್ ಹೊಡೆಯೋವಾಗ ಬಿಟ್ಟೋಗತ್ತೆ, ಅದಕ್ಕೇ ಅಲ್ಲಾಡಿಸ್ತಾ ನೋಡಿ. ಹಳೇ ಬಲ್ಬಿನ ಟೆಸ್ಟ್ ಲ್ಯಾಂಪ್ ಇಸಿಎಂ ವೈರ್ ಹತ್ರ ತರ್ಲೇಬೇಡಿ. ವೈರಿಗೆ ಸೂಜಿ ಚುಚ್ಚಿ ನೋಡೋ ಅಭ್ಯಾಸಾನೂ ಬಿಡಿ, ಇವತ್ತು ಚುಚ್ಚಿದ ತೂತಲ್ಲಿ ಮಳೆಗಾಲದಲ್ಲಿ ನೀರು ಇಳಿಯತ್ತೆ. ಬಕೆಟಿಗೆ ವೆಲ್ಡಿಂಗ್ ಇದ್ರೂ ಅಷ್ಟೇ, ಬ್ಯಾಟರಿ, ಇಸಿಎಂ ಬಿಚ್ಚಿ, ವೆಲ್ಡಿಂಗ್ ಅರ್ಥನ್ನ ವೆಲ್ಡ್ ಮಾಡೋ ಜಾಗದ ಪಕ್ಕಾನೇ ಹಾಕಿ.

ಜಾಯಿಂಟ್ ಹಾಕಿದ್ರೆ ಎಲ್ಲಾ ವೈರಿನ ಜಾಯಿಂಟೂ ಒಂದೇ ಕಡೆ ಬರ್ದಂಗೆ ಹಿಂದೆ ಮುಂದೆ ಮಾಡಿ, ಒಳಗೆ ಗಮ್ ಇರೋ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಬರೀ ಕರಿ ಟೇಪ್ ಆಯಿಲ್ ತಾಗಿದ್ರೆ ಬಿಚ್ಕೊಳ್ಳತ್ತೆ. ಕ್ಲಾಂಪಿಗೆ ಹೊಸ ರಬ್ಬರ್ ಹಾಕಿ. ಕೋಡ್ ಅಳಿಸಿ ಕೈ ತೊಳ್ಕೊಂಡು ಹೊರಡ್ಬೇಡಿ, ಅರ್ಧ ಗಂಟೆ ಫುಲ್ ಲೋಡಲ್ಲಿ ಓಡಿಸಿ ಅಂತ ಆಪರೇಟರಿಗೆ ಹೇಳಿ ಅಲ್ಲೇ ಟೀ ಕುಡೀತಾ ಕೂತ್ಕೊಳ್ಳಿ, ತಣ್ಣಗಿದ್ದಾಗ ಸುಮ್ನಿದ್ದ ಕೋಡ್ ಬಿಸಿ ಆದ್ಮೇಲೆ ಎದ್ದು ಬರೋದುಂಟು, ಬಂದ್ರೆ ಮತ್ತೆ ಹಾರ್ನೆಸ್ ಅಲ್ಲಾಡಿಸೋದ್ರಿಂದ ಶುರು.