ಮೈಸೂರಿಗೆ ಹೊಸದಾಗಿ ಬಂದವರಿಗೆ: ಅಡ್ವಾನ್ಸ್ ಕೊಡುವ ಮೊದಲು ಮನೆಯ ಗಾಳಿ ನೋಡಿ

ಮನೆ ನೋಡಲು ಹೋಗುವಾಗ ಒಂದು ಗಂಧದಕಡ್ಡಿ, ಬೆಂಕಿಪೊಟ್ಟಣ ಜೊತೆಗಿರಲಿ. ಕಿಟಕಿಗಳನ್ನೆಲ್ಲ ತೆಗೆದು, ಫ್ಯಾನ್ ಆರಿಸಿ, ನಡುಮನೆಯಲ್ಲಿ ಕಡ್ಡಿ ಹಚ್ಚಿ ನಿಂತುಕೊಳ್ಳಿ. ಹೊಗೆ ಒಂದು ಕಡೆಗೆ ಬಾಗಿ ಹೊರಟರೆ ಗಾಳಿಯಾಡುತ್ತಿದೆ ಎಂದರ್ಥ. ನೆಟ್ಟಗೆ ಮೇಲೇರಿ ಅಲ್ಲೇ ಕವಿದುಕೊಂಡರೆ, ನಾಳೆ ನಿಮ್ಮ ಒಗ್ಗರಣೆ ಘಾಟೂ ಹಾಗೇ ನಿಲ್ಲುತ್ತದೆ. ಒಂದೇ ಗೋಡೆಯಲ್ಲಿ ಎಷ್ಟು ಕಿಟಕಿ ಇದ್ದರೂ ಸಾಲದು. ಎದುರು ಬದಿಯಲ್ಲೂ ಒಂದು ಬೇಕು.

ಮೇಲಿನ ಮಹಡಿಯ ಮನೆಯಾದರೆ ಬೆಳಿಗ್ಗೆ ನೋಡಿ ಒಪ್ಪಬೇಡಿ. ಸಂಜೆ ಏಳರ ಮೇಲೆ ಹೋಗಿ, ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಹಗಲೆಲ್ಲ ಕಾದ ತಾರಸಿ, ಗೋಡೆ ರಾತ್ರಿಯಿಡೀ ಬಿಸಿ ಬಿಡುತ್ತವೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಏಪ್ರಿಲ್‌ನಲ್ಲೂ ಬೆಳಗಿನ ಜಾವಕ್ಕೆ ಹೊರಗೆ ತಂಪು. ಆ ತಂಪನ್ನು ಒಳಗೆ ಬಿಟ್ಟುಕೊಳ್ಳಿ: ಹೊತ್ತು ಮುಳುಗಿದ ಮೇಲೆ ಕಿಟಕಿ ತೆಗೆದು, ಬಿಸಿಲೇರುವ ಮುಂಚೆ ಮುಚ್ಚಿ. ಸೊಳ್ಳೆಗೆ ಜಾಲರಿ ಹಾಕಿಸಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿಟ್ಟು ಮಕ್ಕಳನ್ನು ಮಲಗಿಸಲೇಬೇಡಿ, ಅದರ ಹೊಗೆಯ ಸಣ್ಣ ಕಣ ನೇರ ಶ್ವಾಸಕೋಶಕ್ಕಿಳಿಯುತ್ತದೆ.

ಇನ್ನು ನಮಗೆ ನಿಜಕ್ಕೂ ದಿಗಿಲು ಹುಟ್ಟಿಸುವ ವಿಷಯ, ಬಚ್ಚಲುಮನೆಯೊಳಗಿನ ಗ್ಯಾಸ್ ಗೀಸರ್. ಹಳೇ ಮನೆಗಳಲ್ಲಿ ಹಂಡೆ ಒಲೆಯ ಹೊಗೆ ಹೋಗಲು ಗೂಡು ಇರುತ್ತಿತ್ತು. ಈಗಿನ ಪುಟ್ಟ ಬಾತ್‌ರೂಮಿನಲ್ಲಿ, ಅದರಲ್ಲೂ ಡಿಸೆಂಬರ್ ಚಳಿಗೆ, ಇರುವ ಒಂದು ಕಿಂಡಿಯನ್ನೂ ಮುಚ್ಚಿಬಿಡುತ್ತೇವೆ. ಆಮ್ಲಜನಕ ಕಡಿಮೆಯಾಗಿ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ವಾಸನೆ ಹೊಡೆಯುತ್ತದೆ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದಾಗ ನಾವು ಪಿತ್ತ ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಕೈಕಾಲು ಸೋತು, ಚಿಲಕ ತೆಗೆಯಲೂ ಆಗುವುದಿಲ್ಲ.

ಗೀಸರ್ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ಧೈರ್ಯ ಮಾಡಬೇಡಿ. ಗೀಸರ್ ಹೊರಗೆ ಹಾಕಿಸುವವರೆಗೆ ಬಾಗಿಲು, ಕಿಂಡಿ ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಿ. ಒಳಗಿರುವವರು ಕೂಗಿದರೂ ಓಗೊಡದಿದ್ದರೆ ಬಾಗಿಲು ಒಡೆದು, ಅವರನ್ನು ತಕ್ಷಣ ಬಯಲಿಗೆ ತಂದು 108ಕ್ಕೆ ಫೋನ್ ಮಾಡಿ.

ಗೀಸರ್ ಹೊರಗೆ ಹಾಕಿಸಲು ಮನೆ ಮಾಲೀಕರು ಹಿಂದೆಮುಂದೆ ನೋಡಿದರೆ ನಮ್ಮ ಸಂಘಕ್ಕೆ ತಿಳಿಸಿ. ನಮ್ಮಲ್ಲಿ ಯಾರಾದರೊಬ್ಬರು ನಿಮ್ಮ ಜೊತೆ ಬಂದು ಮಾತಾಡುತ್ತೇವೆ.